ಓದಿದ್ದು ಎಲ್ಲಿ ಹೋಯಿತು?

"ಓದಿದ್ದೆ ಸಾರ್. ರಾತ್ರಿ ಮೂರು ಗಂಟೆಯವರೆಗೂ ಓದಿದ್ದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಂದೂ ನೆನಪಿಗೆ ಬರಲಿಲ್ಲ."

ಕೆಲವು ವರ್ಷಗಳ ಹಿಂದೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚುತ್ತಿದ್ದಾಗ ದ್ವಿತೀಯ ಪಿ.ಯು.ಸಿ. ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಮುಂದೆ ನಿಂತು ಆಡಿದ ಮಾತಿದು. ಕನ್ನಡದಲ್ಲಿ ಅವನಿಗೆ ಬಂದಿದ್ದ ಅಂಕ ನೂರಕ್ಕೆ ೧೮. ಉಪಾಧ್ಯಾಯನಾದವನು ಈ ಮಾತನ್ನು ವರ್ಷಕ್ಕೆ ಇಪ್ಪತ್ತು ಬಾರಿಯಾದರೂ ಕೇಳುತ್ತಾನೆ. ಕೇಳಿ ಕೇಳಿ ನಂಬುವುದನ್ನು ಬಿಟ್ಟಿರುತ್ತಾನೆ. "ಓದಿದ್ದರೆ ಅದು ಎಲ್ಲಿ ಹೋಗುತ್ತದಯ್ಯ? ಕಾಗೆ ಕಚ್ಚಿಕೊಂಡು ಹೋಯಿತೇನು?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹಿಂದಿನ ಬೆಂಚಿಗೆ ಹೋಗಿ ಕುಳಿತ.

ಮರುದಿನ ಅವನ ತಾಯಿ ಬಂದರು. ಮನೆಯಲ್ಲೇ ಹೊಲಿಗೆ ಯಂತ್ರವಿಟ್ಟುಕೊಂಡು ಸಂಸಾರ ತೂಗಿಸುತ್ತಿದ್ದಾಕೆ. ದೂರು ಹೇಳಲು ಬಂದವರಲ್ಲ. ಒಂದು ನೋಟ್‌ಪುಸ್ತಕವನ್ನು ನನ್ನ ಮುಂದಿಟ್ಟು, "ನೋಡಿ ಸಾರ್, ಇವನು ಓದುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಹೊಲಿಯುತ್ತ ಕೂತಿರುತ್ತೇನೆ, ಅವನು ಪಕ್ಕದಲ್ಲೇ ಓದುತ್ತಿರುತ್ತಾನೆ. ತಲೆಯಲ್ಲಿ ಏನಾದರೂ ತೊಂದರೆ ಇರಬಹುದೆ? ಡಾಕ್ಟರಿಗೆ ತೋರಿಸಬೇಕೆ?" ಎಂದು ಕೇಳಿದರು. ಪುಸ್ತಕ ತೆರೆದೆ. ನಾನು ಬರೆಸಿದ್ದ ಟಿಪ್ಪಣಿಗಳೆಲ್ಲ ದುಂಡಾದ ಅಕ್ಷರಗಳಲ್ಲಿದ್ದವು. ಸಾಲುಗಳ ಅಡಿಯಲ್ಲಿ ಮೂರು ಬಣ್ಣದ ಗೆರೆಗಳು. ಒಂದೊಂದು ಉತ್ತರವನ್ನೂ ನಾಲ್ಕು ನಾಲ್ಕು ಬಾರಿ ನಕಲು ಮಾಡಿದ್ದ. ಹುಡುಗ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಓದಿದ್ದು ಎಲ್ಲಿ ಹೋಯಿತು? ಹಾಸ್ಯಕ್ಕೆಂದು ಎಸೆದ ಪ್ರಶ್ನೆ ಈಗ ನನ್ನನ್ನೇ ಹಿಡಿದುಕೊಂಡಿತು. ಡಾಕ್ಟರಿಗೆ ತೋರಿಸಬೇಕಾದದ್ದು ಹುಡುಗನ ತಲೆಯನ್ನೋ, ನಾನು ಪಾಠ ಹೇಳುವ ರೀತಿಯನ್ನೋ ಎಂಬ ಸಂಶಯವೂ ಮೂಡಿತು. ಕನ್ನಡ ಎಂ.ಎ. ಮಾಡಿಕೊಂಡವನಿಗೆ ಮಿದುಳಿನ ಗೊಡವೆ ಏಕೆ ಎಂದು ಸ್ನೇಹಿತರು ನಗೆಯಾಡಿದರೂ, ಅಂದಿನಿಂದ ನೆನಪು ಮರೆವುಗಳ ವಿಚಾರವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಮನೆಯಲ್ಲಿ ಓದುವ ಮಕ್ಕಳಿರುವ ವಾಚಕರಿಗೆ ಅದರಲ್ಲಿ ಕೆಲವು ಸಂಗತಿಗಳಾದರೂ ಉಪಯೋಗಕ್ಕೆ ಬಂದೀತು.

ಮರೆವನ್ನು ಅಳೆಯಬಹುದೆಂದು ಮೊದಲು ತೋರಿಸಿಕೊಟ್ಟವನು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. ಅವನು ಪ್ರಯೋಗಕ್ಕೆ ಆರಿಸಿಕೊಂಡ ವ್ಯಕ್ತಿ ಬೇರೆ ಯಾರೂ ಅಲ್ಲ, ತಾನೇ. ಅರ್ಥವಿರುವ ಪದಗಳಾದರೆ ಹಳೆಯ ಪರಿಚಯ ಅಡ್ಡ ಬರುತ್ತದೆಂದು ಅರ್ಥವೇ ಇಲ್ಲದ ಸುಮಾರು ೨೩೦೦ ಪದಾಂಶಗಳನ್ನು ಕಟ್ಟಿಕೊಂಡ. ಅವುಗಳ ಪಟ್ಟಿಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೂ ಉರುಹೊಡೆಯುವುದು, ಸ್ವಲ್ಪ ಕಾಲ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವುದು, ಎರಡನೆಯ ಬಾರಿ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಡುವುದು: ಇದೇ ಅವನ ವ್ರತ. ೧೮೮೫ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಕಲಿತರೆ ಶೇಕಡ ೫೮ರಷ್ಟು ಶ್ರಮ ಉಳಿಯುತ್ತದೆ; ಒಂದು ಗಂಟೆ ಕಳೆದರೆ ೪೪; ಒಂದು ದಿನ ಕಳೆದರೆ ೩೪; ಒಂದು ತಿಂಗಳಾದ ಮೇಲೂ ೨೧. ಎಂದರೆ, ಮರೆವು ಸಮಾನವಾದ ಹೆಜ್ಜೆಯಲ್ಲಿ ನಡೆಯುವುದಿಲ್ಲ. ಮೊದಲ ಗಂಟೆಯಲ್ಲಿ ಓಡುತ್ತದೆ, ಮೊದಲ ದಿನ ನಡೆಯುತ್ತದೆ, ಆಮೇಲೆ ಕುಂಟುತ್ತದೆ.

ಎಬ್ಬಿಂಗ್‌ಹೌಸ್ ಕಂಡುಕೊಂಡ ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾದದ್ದು. ಹನ್ನೆರಡು ಪದಾಂಶಗಳ ಪಟ್ಟಿಯೊಂದನ್ನು ಒಂದೇ ದಿನ ಕುಳಿತು ೬೮ ಬಾರಿ ಓದಿದರೆ ಮರುದಿನ ಎಷ್ಟು ಪ್ರಯೋಜನವಾಗುತ್ತಿತ್ತೋ, ಮೂರು ದಿನಗಳಿಗೆ ಹಂಚಿ ೩೮ ಬಾರಿ ಓದಿದರೂ ಅಷ್ಟೇ ಪ್ರಯೋಜನವಾಯಿತು. ಹೆಚ್ಚುಕಡಮೆ ಅರ್ಧದಷ್ಟು ದುಡಿಮೆಗೆ ಅದೇ ಕೂಲಿ! ನಮ್ಮ ಹುಡುಗ ರಾತ್ರಿ ಮೂರು ಗಂಟೆಯವರೆಗೆ ಕುಳಿತು ಮಾಡಿದ್ದು ೬೮ ಬಾರಿಯ ವ್ಯವಹಾರ. ಈ ಸಂಗತಿ ಬೆಳಕಿಗೆ ಬಂದು ಒಂದೂಕಾಲು ಶತಮಾನಕ್ಕೂ ಹೆಚ್ಚಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಉರಿಯದ ಮನೆ ಮಾತ್ರ ಈಗಲೂ ಕಾಣಸಿಗುವುದಿಲ್ಲ.

ಹಂಚಿ ಓದಿದರೆ ಏಕೆ ನಿಲ್ಲುತ್ತದೆ? ಇದಕ್ಕೆ ಉತ್ತರ ಮಿದುಳಿನೊಳಗೆ ಇಣುಕಿದವರಿಂದ ಬರಬೇಕಾಯಿತು. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಅಂಟಿಕೊಂಡ ಬಲೆಯಲ್ಲ, ಬಿಡಿಬಿಡಿಯಾದ ಕೋಶಗಳು ಎಂದು ಸಾಧಿಸಿದವನು ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್. ೧೯೦೬ರ ನೊಬೆಲ್ ಪಾರಿತೋಷಕವನ್ನು ಅವನೊಡನೆ ಹಂಚಿಕೊಂಡ ಇಟಲಿಯ ಗೊಲ್ಗಿ ಇದಕ್ಕೆ ತದ್ವಿರುದ್ಧವಾದ ಮತದವನಾಗಿದ್ದುದು ವಿದ್ವತ್ ಪ್ರಪಂಚದ ಒಂದು ವಿನೋದ. ಕೋಶಗಳು ಬಿಡಿಯಾದರೆ ಅವುಗಳ ನಡುವೆ ಸಂಧಿಸ್ಥಾನಗಳಿರಬೇಕು. ಕಲಿಕೆ ಎಂಬುದು ಈ ಸಂಧಿಗಳಲ್ಲಿ ಆಗುವ ಮಾರ್ಪಾಡು ಎಂಬ ಊಹೆ ಕಹಾಲನಿಗೇ ಇತ್ತು. ಕೆನಡದ ಡೊನಾಲ್ಡ್ ಹೆಬ್ ೧೯೪೯ರಲ್ಲಿ ಅದನ್ನು ಸಿದ್ಧಾಂತವಾಗಿ ಕಟ್ಟಿದ: ಒಂದು ಕೋಶ ಇನ್ನೊಂದನ್ನು ಮತ್ತೆ ಮತ್ತೆ ಪ್ರಚೋದಿಸಿದರೆ ಅವೆರಡರ ನಡುವಣ ಬೆಸುಗೆ ಬಲಗೊಳ್ಳುತ್ತದೆ. ೧೯೭೩ರಲ್ಲಿ ಬ್ಲಿಸ್ ಮತ್ತು ಲೋಮೊ ಎಂಬಿಬ್ಬರು ಮೊಲದ ಮಿದುಳಿನಲ್ಲಿ ಇಂಥ ಬೆಸುಗೆ ಗಂಟೆಗಟ್ಟಲೆ ಬಲವಾಗಿ ನಿಲ್ಲುವುದನ್ನು ಪ್ರಯೋಗದಿಂದ ಕಂಡರು. ನಮ್ಮ ವ್ಯಾಕರಣದಲ್ಲಿ ಸಂಧಿಯಾದಾಗ ಅಕ್ಷರ ಲೋಪವಾಗುವುದೂ ಉಂಟು, ಹೊಸದು ಆಗಮವಾಗುವುದೂ ಉಂಟು. ಮಿದುಳಿನ ಸಂಧಿಗಳಲ್ಲೂ ಹಾಗೆಯೇ ಎಂದು ತರಗತಿಯಲ್ಲಿ ಹೇಳುವ ಆಸೆಯನ್ನು ನಾನು ಇದುವರೆಗೂ ತಡೆದುಕೊಂಡಿಲ್ಲ.

ಇದನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿಟ್ಟದ್ದು ಒಂದು ಕಡಲ ಪ್ರಾಣಿ. ಅಪ್ಲೀಸಿಯಾ ಎಂಬ ಹೆಸರಿನ, ನಮ್ಮ ಬಸವನಹುಳುವಿನ ದೂರದ ಬಂಧು. ಅದರ ನರಕೋಶಗಳು ಒಟ್ಟು ಸುಮಾರು ೨೦,೦೦೦ ಮಾತ್ರ; ಕೆಲವಂತೂ ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಎರಿಕ್ ಕ್ಯಾಂಡೆಲ್ ಎಂಬ ಅಮೆರಿಕದ ವಿಜ್ಞಾನಿ ಇದನ್ನೇ ಶಿಷ್ಯನನ್ನಾಗಿ ಸ್ವೀಕರಿಸಿದರು. ಮೈಯನ್ನು ಮೆಲ್ಲಗೆ ಮುಟ್ಟಿದರೆ ಅದು ಕಿವಿರನ್ನು ಒಳಕ್ಕೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ ಅಪಾಯವಿಲ್ಲವೆಂದು ಕಲಿತು ಸುಮ್ಮನಾಗುತ್ತದೆ. ಒಂದೇ ಸಮನೆ ೪೦ ಬಾರಿ ಮುಟ್ಟಿ ಕಲಿಸಿದ ಪಾಠ ಅದಕ್ಕೆ ಒಂದು ದಿನ ನೆನಪಿತ್ತು. ದಿನಕ್ಕೆ ೧೦ರಂತೆ ನಾಲ್ಕು ದಿನ ಮುಟ್ಟಿ ಕಲಿಸಿದ ಪಾಠ ವಾರಗಟ್ಟಲೆ ಉಳಿಯಿತು. ಎಬ್ಬಿಂಗ್‌ಹೌಸ್ ಪಂಡಿತನಿಗೂ ಈ ಬಡ ಜಂತುವಿಗೂ ಒಂದೇ ನಿಯಮ! ಕಾರಣವನ್ನೂ ಕ್ಯಾಂಡೆಲ್ ಮತ್ತು ಸಂಗಡಿಗರು ಹುಡುಕಿದರು. ಅಲ್ಪಕಾಲದ ನೆನಪಿಗೆ ಇದ್ದ ಸಂಧಿಗಳು ತುಸು ಬಿಗಿಯಾದರೆ ಅಥವಾ ಸಡಿಲವಾದರೆ ಸಾಕು. ದೀರ್ಘಕಾಲದ ನೆನಪಿಗೆ ಕೋಶದ ನಡುವಣ ಜೀನುಗಳು ಎಚ್ಚರಗೊಂಡು, ಹೊಸ ಪ್ರೋಟೀನು ತಯಾರಾಗಿ, ಸಂಧಿಗಳ ಸಂಖ್ಯೆಯೇ ಬದಲಾಗಬೇಕು. ಬಾಲಕ್ಕೆ ವಿದ್ಯುತ್ತಿನ ಆಘಾತ ಕೊಟ್ಟು ಎಚ್ಚರ ಕಲಿಸಿದ ಪ್ರಾಣಿಗಳಲ್ಲಿ ಒಂದು ಸಂವೇದನಾ ಕೋಶದ ಸಂಧಿಗಳು ಸುಮಾರು ೧,೩೦೦ರಿಂದ ೨,೭೦೦ಕ್ಕೆ ಏರಿದ್ದವು. ಈ ಕಟ್ಟಡದ ಕೆಲಸಕ್ಕೆ ಹೊತ್ತು ಬೇಕು. ಗಾರೆ ಒಣಗುವ ಮೊದಲೇ ಮೇಲಿನ ವರಸೆಯನ್ನು ಇಡುತ್ತ ಹೋದರೆ ಗೋಡೆ ನಿಲ್ಲುವುದೆ? ಕ್ಯಾಂಡೆಲ್ ಅವರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂದಿತು.

ಕಡಲ ಹುಳುವಿನ ಮಾತು ಮನುಷ್ಯನಿಗೆ ಹೇಗೆ ಅನ್ವಯಿಸುತ್ತದೆಂದು ಕೇಳುವವರಿಗೆ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ನನ ಕರುಣಕಥೆಯಿದೆ. ಮೂರ್ಛೆರೋಗ ಗುಣವಾಗಲೆಂದು ೧೯೫೩ರಲ್ಲಿ, ಅವನ ೨೭ನೆಯ ವಯಸ್ಸಿನಲ್ಲಿ, ವೈದ್ಯರು ಅವನ ಮಿದುಳಿನ ಎರಡು ಪಾರ್ಶ್ವಗಳಿಂದಲೂ ಹಿಪೊಕ್ಯಾಂಪಸ್ ಎಂಬ ಭಾಗದ ಬಹ್ವಂಶವನ್ನು ತೆಗೆದುಹಾಕಿದರು. ರೋಗ ಬಹುಮಟ್ಟಿಗೆ ಹಿಡಿತಕ್ಕೆ ಬಂದಿತು; ಆದರೆ ಅಂದಿನಿಂದ ಹೊಸ ನೆನಪು ಒಂದೂ ಕೂಡಲಿಲ್ಲ. ಬಾಲ್ಯ ನೆನಪಿತ್ತು, ಈಗತಾನೆ ಮಾತನಾಡಿ ಹೊರಗೆ ಹೋದವರು ಮರಳಿ ಬಂದರೆ ಅಪರಿಚಿತರು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರವನ್ನು ತಿದ್ದುವ ಕೆಲಸ ಕೊಟ್ಟರು. ಹಿಂದೆ ಎಂದಾದರೂ ಮಾಡಿದ್ದುಂಟೆಂಬ ನೆನಪೇ ಅವನಿಗಿರಲಿಲ್ಲ. ಕೈ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತ ಹೋಯಿತು. ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಆತ ಹೀಗೆಯೇ ಬಾಳಿದ. ನೆನಪೆಂಬುದು ಒಂದೇ ಪೆಟ್ಟಿಗೆಯಲ್ಲ, ಸಂಗತಿಗಳ ನೆನಪು ಬೇರೆ, ಕೈಚಳಕದ ನೆನಪು ಬೇರೆ ಎಂದು ಲೋಕಕ್ಕೆ ತಿಳಿದದ್ದು ಅವನಿಂದ.

ಅದೇ ಹಿಪೊಕ್ಯಾಂಪಸ್ ಕಲಿಕೆಯಿಂದ ಬೆಳೆಯಲೂ ಬಲ್ಲದು. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಬೇಕಾದರೆ ನಗರದ ಸುಮಾರು ೨೫,೦೦೦ ಬೀದಿಗಳನ್ನು ಬಾಯಿಪಾಠ ಮಾಡಬೇಕು. ಎಲೀನರ್ ಮಗ್ವೈರ್ ಮತ್ತು ಕ್ಯಾಥರೀನ್ ವೂಲೆಟ್ ಅಂಥ ೭೯ ಮಂದಿ ಉಮೇದುವಾರರನ್ನು ಹಲವು ವರ್ಷ ಹಿಂಬಾಲಿಸಿ ೨೦೧೧ರಲ್ಲಿ ವರದಿ ಕೊಟ್ಟರು. ತೇರ್ಗಡೆಯಾದ ೩೯ ಮಂದಿಯಲ್ಲಿ ಹಿಪೊಕ್ಯಾಂಪಸ್ಸಿನ ಹಿಂಭಾಗ ಮೊದಲಿಗಿಂತ ಹಿಗ್ಗಿತ್ತು, ತೇರ್ಗಡೆಯಾಗದವರಲ್ಲಿ ಇಲ್ಲ. ಇವರು ಮಕ್ಕಳಲ್ಲ, ಬೆಳೆದ ಗಂಡಸರು. "ಇನ್ನು ಈ ವಯಸ್ಸಿಗೆ ತಲೆಗೆ ಏನು ಹತ್ತೀತು" ಎಂದು ಕೈಚೆಲ್ಲುವ ನಮ್ಮ ಹಿರಿಯರು ಇದನ್ನು ಗಮನಿಸಬಹುದು.

ಇಷ್ಟು ಓದಿದ ಮೇಲೆ ನನಗೆ ಸಮಾಧಾನವಾಯಿತೆ? ಪೂರ್ತಿಯಾಗಿ ಇಲ್ಲ. ನರಕೋಶದಿಂದ ತರಗತಿಯ ಕಪ್ಪುಹಲಗೆಯವರೆಗಿನ ದಾರಿ ಬಹಳ ದೂರ. ಅಮೆರಿಕದ ಜಾನ್ ಬ್ರೂಯರ್ ಎಂಬವರು ೧೯೯೭ರಲ್ಲೇ, ಮಿದುಳಿನ ವಿಜ್ಞಾನದಿಂದ ನೇರವಾಗಿ ಪಾಠಶಾಲೆಗೆ ಹಾಕುವ ಸೇತುವೆ ಸದ್ಯಕ್ಕೆ ನಿಲ್ಲದು, ನಡುವೆ ಮನಶ್ಶಾಸ್ತ್ರವೆಂಬ ಕಂಬ ಬೇಕು ಎಂದು ಎಚ್ಚರಿಸಿದ್ದರು. ಆ ಮಾತು ನನಗೆ ಸರಿಯೆನಿಸಿದೆ. ಉಪಾಧ್ಯಾಯನಿಗೆ ಕೈಗೆಟುಕುವಂಥ ಪ್ರಯೋಗಗಳು ಬಂದದ್ದು ಅಲ್ಲಿಂದಲೇ.

ಅವುಗಳಲ್ಲಿ ಒಂದು ನನ್ನ ನಿದ್ದೆಗೆಡಿಸಿತು. ೨೦೦೬ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಲು ಕೊಟ್ಟರು. ಒಂದು ಗುಂಪಿನವರು ಅದನ್ನು ನಾಲ್ಕು ಅವಧಿಗಳಲ್ಲೂ ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರು ಅವಧಿಗಳಲ್ಲಿ ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದುತ್ತಲೇ ಇದ್ದವರು ಮುಂದಿದ್ದರು: ಶೇಕಡ ೮೩ಕ್ಕೆ ೭೧. ಒಂದು ವಾರದ ನಂತರ ತಕ್ಕಡಿ ತಿರುಗಿಬಿದ್ದಿತ್ತು. ಓದುತ್ತಲೇ ಇದ್ದವರಿಗೆ ಉಳಿದದ್ದು ೪೦. ಪುಸ್ತಕ ಮುಚ್ಚಿ ನೆನೆದವರಿಗೆ ೬೧. ಇನ್ನೂ ಕುತೂಹಲಕರವಾದ ಸಂಗತಿ ಏನೆಂದರೆ, ಒಂದು ವಾರದ ಮೇಲೆ ತಮಗೆ ಎಷ್ಟು ನೆನಪಿರುವುದೆಂದು ಮೊದಲೇ ಕೇಳಿದಾಗ, ಓದುತ್ತಲೇ ಇದ್ದವರೇ ಹೆಚ್ಚು ಭರವಸೆಯಿಂದ ಉತ್ತರಿಸಿದ್ದರು.

ಇಲ್ಲಿದೆ ನೋಡಿ, ಮೂರು ಬಣ್ಣದ ಗೆರೆಗಳ ರಹಸ್ಯ. ಎರಡನೆಯ ಬಾರಿ, ಮೂರನೆಯ ಬಾರಿ ಓದುವಾಗ ಪುಟ ಪರಿಚಿತವಾಗುತ್ತದೆ. 'ಇದು ಗೊತ್ತು' ಎನಿಸುತ್ತದೆ. ಬೀದಿಯಲ್ಲಿ ದಿನವೂ ಕಾಣುವ ಮುಖದ ಪರಿಚಯವಿದ್ದ ಮಾತ್ರಕ್ಕೆ ಆ ಮನುಷ್ಯನ ಹೆಸರು ನಾಲಗೆಗೆ ಬರುವುದೆ? ಪರೀಕ್ಷೆ ಕೇಳುವುದು ಹೆಸರನ್ನು. ನಕಲು ಮಾಡುವಾಗ ಕಣ್ಣಿನಿಂದ ಕೈಗೆ ದಾರಿ ಸವೆಯುತ್ತದೆಯೇ ಹೊರತು, ಒಳಗಿನಿಂದ ಹೊರಕ್ಕೆ ತರುವ ದಾರಿಯಲ್ಲಿ ಹೆಜ್ಜೆಯೇ ಬಿದ್ದಿರುವುದಿಲ್ಲ.

ನಮ್ಮ ಹಳೆಯ ಕೂಲಿಮಠದ ಅಯ್ಯಗಳಿಗೆ ಇದು ಗೊತ್ತಿತ್ತೆನ್ನಬೇಕು. ಪಾಠ 'ಒಪ್ಪಿಸುವುದು' ಎಂಬ ಮಾತನ್ನು ಗಮನಿಸಿ. ಪುಸ್ತಕವಿಲ್ಲದೆ, ಗುರುವಿನ ಎದುರು ನಿಂತು, ಒಳಗಿದ್ದುದನ್ನು ಹೊರಗೆ ತಂದು ಕೊಡುವುದು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುತ್ತಿದ್ದ ಅಜ್ಜಂದಿರೂ ಮಾಡುತ್ತಿದ್ದುದು ಇದನ್ನೇ, ಅದೂ ದಿನಕ್ಕಿಷ್ಟೆಂದು ಹಂಚಿ. ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಕೋದಂಡಕ್ಕೆ ಏರಿಸಿ ಕಲಿಸಿದ ಕಾಲವೂ ಅದೇ. ಅಲ್ಲದೆ ಅರ್ಥ ತಿಳಿಯದ ಒಪ್ಪಿಸುವಿಕೆ ಗಿಳಿಪಾಠವಾಗುತ್ತದೆ. ವೇದಾಧ್ಯಯನ ಮಾಡಿದ ೨೧ ಮಂದಿ ಪಂಡಿತರ ಮಿದುಳನ್ನು ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದಲ್ಲಿ ಚಿತ್ರಿಸಿ, ಭಾಷೆ ಮತ್ತು ನೆನಪಿಗೆ ಸಂಬಂಧಿಸಿದ ಕೆಲವು ಭಾಗಗಳು ಇತರರಿಗಿಂತ ದಪ್ಪವಾಗಿವೆಯೆಂದು ೨೦೧೬ರಲ್ಲಿ ಪ್ರಕಟಿಸಿದ್ದುಂಟು. ಇದನ್ನು ಕೇಳಿ ಹಿಗ್ಗಿದವರು ಬಹಳ. ಆದರೆ ಅಧ್ಯಯನದಿಂದ ಮಿದುಳು ಹಾಗಾಯಿತೋ, ಅಂಥ ಮಿದುಳುಳ್ಳವರೇ ಅಧ್ಯಯನದಲ್ಲಿ ನಿಂತರೋ ಎಂಬುದನ್ನು ಆ ಒಂದು ಹೋಲಿಕೆಯಿಂದ ತೀರ್ಮಾನಿಸಲಾಗದು.

ಪುಟ್ಟ ಮಕ್ಕಳ ತಂದೆತಾಯಿಗಳಿಗಾಗಿ ಇಲ್ಲಿ ಒಂದು ಮಾತು. ಬರವಣಿಗೆ ಹುಟ್ಟಿ ಸುಮಾರು ಐದು ಸಾವಿರ ವರ್ಷ. ಮಿದುಳಿನಲ್ಲಿ ಓದಿಗೆಂದೇ ಒಂದು ಭಾಗ ವಿಕಾಸವಾಗಲು ಅದು ಸಾಲದು. ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹೆನ್ ಮತ್ತು ಸಂಗಡಿಗರು ಬ್ರೆಜಿಲ್, ಪೋರ್ಚುಗಲ್ ದೇಶಗಳ ೬೩ ಮಂದಿ ವಯಸ್ಕರನ್ನು ಪರೀಕ್ಷಿಸಿ, ೨೦೧೦ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಓದು ಕಲಿತಂತೆ ಮಿದುಳಿನ ಎಡಭಾಗದಲ್ಲಿ, ಮುಖಗಳನ್ನೂ ವಸ್ತುಗಳನ್ನೂ ಗುರುತಿಸುವ ಪ್ರದೇಶದ ಒಂದು ತುಣುಕು ಅಕ್ಷರಗಳಿಗೆ ಮೀಸಲಾಗುತ್ತದೆ. ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗೆ ಬಂದ ಅಕ್ಷರಕ್ಕೆ ಅಲ್ಲಿಯ ಹಳೆಯ ಅಭ್ಯಾಸಗಳ ಕಾಟ ತಪ್ಪದು. ಕಾಫಿಯ ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಕಪ್ಪೇ. ಅಕ್ಷರವನ್ನು ಹಾಗೆ ತಿರುಗಿಸುವಂತಿಲ್ಲ. ಐದು ವರ್ಷದ ಮಗು ಅಕ್ಷರವನ್ನೋ ಅಂಕಿಯನ್ನೋ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಗಾಬರಿಯಾಗಬೇಕಾದ್ದಿಲ್ಲ ಎಂಬುದಕ್ಕೆ ಇದೇ ಕಾರಣ.

ಕನ್ನಡದ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಇಂಗ್ಲಿಷಿನ ಮಗು ೨೬ ಅಕ್ಷರ ಕಲಿತರೆ ಅಕ್ಷರಮಾಲೆ ಮುಗಿಯಿತು. ನಮ್ಮಲ್ಲಿ ೩೪ ವ್ಯಂಜನಗಳ ಕಾಗುಣಿತವೇ ನಾನೂರರ ಹತ್ತಿರ ಬರುತ್ತದೆ, ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳೆಲ್ಲ ಕೈವಶವಾಗುವ ಕೆಲಸ ಒಂದನೆಯ ತರಗತಿಗೆ ಮುಗಿಯುವುದಿಲ್ಲ. ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಪಕ್ಕದ ಮನೆಯ ಮಗು ಇಂಗ್ಲಿಷನ್ನು ಪಟಪಟನೆ ಓದುತ್ತದೆ, ನಮ್ಮದು ಕನ್ನಡದಲ್ಲಿ ತಡವರಿಸುತ್ತದೆ, ಆದ್ದರಿಂದ ಕನ್ನಡ ಕಷ್ಟ, ಬಿಡಿಸಿಬಿಡೋಣ ಎಂದು ಹೊರಡುವ ತಾಯಂದಿರು ಅವಸರ ಮಾಡದಿರಲಿ. ಲಿಪಿ ಒಮ್ಮೆ ಪಳಗಿತೆಂದರೆ ಕಣ್ಣಿನ ನೋಟವೇ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಅರುಣ್ ಮತ್ತು ಸಂಗಡಿಗರು ತೆಲುಗು ಬಲ್ಲವರನ್ನೂ ಮಲಯಾಳ ಬಲ್ಲವರನ್ನೂ ಹೋಲಿಸಿ ೨೦೧೯ರಲ್ಲಿ ತೋರಿಸಿದ್ದು ಇದು: ಬಾರದ ಲಿಪಿಯ ಅಕ್ಷರಗಳು ಕಣ್ಣಿಗೆ ಒಂದರೊಳಗೊಂದು ಕಲಸಿಹೋಗುತ್ತವೆ, ಬಲ್ಲ ಲಿಪಿಯಲ್ಲಿ ಪ್ರತಿಯೊಂದು ಅಕ್ಷರವೂ ತನ್ನ ತನ್ನ ಸ್ಥಾನದಲ್ಲಿ ಬಿಡಿಯಾಗಿ ಕಾಣುತ್ತದೆ.

ನಿದ್ದೆಯ ವಿಚಾರವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ೧೯೨೪ರಲ್ಲೇ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್, ಕಲಿತ ಮೇಲೆ ಎಚ್ಚರವಾಗಿದ್ದವರಿಗಿಂತ ನಿದ್ದೆ ಮಾಡಿದವರಿಗೆ ಕಲಿತದ್ದು ಹೆಚ್ಚು ನೆನಪಿರುವುದನ್ನು ಕಂಡಿದ್ದರು. ನಿದ್ದೆಯಲ್ಲಿ ಮಿದುಳು ಹಗಲಿನ ಪಾಠವನ್ನು ತಾನೇ ಮತ್ತೊಮ್ಮೆ ತಿರುವಿಹಾಕುತ್ತದೆಂದು ಈಚಿನ ವಿದ್ವಾಂಸರ ಅಭಿಪ್ರಾಯ. ಹದಿಹರಯದವರ ದೇಹದ ಗಡಿಯಾರವಂತೂ ಸಹಜವಾಗಿಯೇ ಹಿಂದೆ ಸರಿಯುತ್ತದೆ. ತಡವಾಗಿ ನಿದ್ದೆ, ತಡವಾಗಿ ಎಚ್ಚರ. ಅದು ಬರಿಯ ಸೋಮಾರಿತನವಲ್ಲ. ಅಮೆರಿಕದ ಸಿಯಾಟಲ್ ನಗರ ೨೦೧೬ರಲ್ಲಿ ಪ್ರೌಢಶಾಲೆಗಳ ವೇಳೆಯನ್ನು ೭-೫೦ರಿಂದ ೮-೪೫ಕ್ಕೆ ಮುಂದೂಡಿತು. ಮಕ್ಕಳು ಆ ಹೊತ್ತನ್ನು ಮೊಬೈಲಿನಲ್ಲಿ ಕಳೆಯಲಿಲ್ಲ. ದಿನಕ್ಕೆ ಸರಾಸರಿ ೩೪ ನಿಮಿಷ ಹೆಚ್ಚು ಮಲಗಿದರು. ನಮ್ಮಲ್ಲಾದರೋ ಬೆಳಿಗ್ಗೆ ಆರಕ್ಕೆ ಟ್ಯೂಷನ್.

ಇನ್ನು ಮಿದುಳಿನ ಹೆಸರಿನಲ್ಲಿ ನಡೆಯುವ ವ್ಯಾಪಾರ. ಮನುಷ್ಯ ತನ್ನ ಮಿದುಳಿನ ಶೇಕಡ ಹತ್ತನ್ನು ಮಾತ್ರ ಬಳಸುತ್ತಾನೆಂಬ ಮಾತು ಶುದ್ಧ ಸುಳ್ಳು. ಒಂದು ಮಗು ಕಣ್ಣಿನಿಂದ ಕಲಿಯುವಂಥದು, ಇನ್ನೊಂದು ಕಿವಿಯಿಂದ, ಮತ್ತೊಂದು ಕೈಯಿಂದ ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಹೇಳಿದರೆ ಹೆಚ್ಚು ಫಲವೆಂಬುದಕ್ಕೆ ಆಧಾರ ಸಾಲದೆಂದು ೨೦೦೮ರಲ್ಲಿ ನಾಲ್ವರು ವಿದ್ವಾಂಸರು ಪರಿಶೀಲಿಸಿ ಹೇಳಿದ್ದಾರೆ. ಆದರೂ ಉಪಾಧ್ಯಾಯರ ತರಬೇತಿ ಶಿಬಿರಗಳಲ್ಲಿ ನಾನೇ ಆ ಪಟ್ಟಿಯನ್ನು ಎರಡು ಬಾರಿ ಬರೆದುಕೊಂಡಿದ್ದೇನೆ. ೧೯೯೩ರಲ್ಲಿ ೩೬ ಕಾಲೇಜು ವಿದ್ಯಾರ್ಥಿಗಳು ಮೊತ್ಸಾರ್ಟನ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಆಕಾರದ ಲೆಕ್ಕಗಳಲ್ಲಿ ಹತ್ತು ಹದಿನೈದು ನಿಮಿಷ ಮಾತ್ರ ಚುರುಕಾಗಿದ್ದರೆಂದು ವರದಿಯಾಯಿತು. ಐದು ವರ್ಷದೊಳಗೆ ಅಮೆರಿಕದ ಜಾರ್ಜಿಯ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಕೂಸಿಗೂ ಸಂಗೀತದ ಧ್ವನಿಸುರುಳಿ ಹಂಚುವ ಯೋಜನೆ ಹಾಕಿದರು! ನಾವೇನೂ ಹಿಂದೆ ಬಿದ್ದಿಲ್ಲ. 'ಮಿಡ್‌ಬ್ರೇನ್ ಆಕ್ಟಿವೇಷನ್' ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿ ಪಡೆದು, ಮಕ್ಕಳ ಕಣ್ಣಿಗೆ ಪಟ್ಟಿ ಕಟ್ಟಿ ಪುಸ್ತಕ ಓದಿಸುವವರು ನಮ್ಮ ಊರುಗಳಿಗೂ ಬಂದರು. ಮಗು ಓದುವುದು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಎಂಬುದನ್ನು ಮಂಗಳೂರಿನ ನರೇಂದ್ರ ನಾಯಕ್ ಅವರಂಥವರು ಸಭೆಗಳಲ್ಲಿ ಬಯಲು ಮಾಡಿದ್ದಾರೆ. ಹಣ ಹೋದರೆ ಹೋಗಲಿ. ಮಗುವಿಗೆ ಸುಳ್ಳು ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ಕಲಿಸಿದಂತಾಯಿತಲ್ಲ, ಅದೇ ನನಗೆ ಸಂಕಟ.

ನನ್ನ ಹುಡುಗನ ಬಳಿಗೆ ಮರಳುತ್ತೇನೆ. 'ಒಂದೂ ನೆನಪಿಗೆ ಬರಲಿಲ್ಲ' ಎಂದಿದ್ದನಲ್ಲ, ಅದಕ್ಕೂ ಒಂದು ವಿವರಣೆ ಸಿಕ್ಕಿತು. ೧೯೯೮ರಲ್ಲಿ ದ ಕ್ವರ್ವೇನ್, ರೋಜೆಂಡಾಲ್, ಮೆಕ್‌ಗಾ ಎಂಬ ಮೂವರು ಇಲಿಗಳಿಗೆ ನೀರಿನ ಕೊಳದಲ್ಲಿ ದಾರಿ ಕಲಿಸಿದರು. ಮರುದಿನ ಪರೀಕ್ಷೆಗೆ ಅರ್ಧ ಗಂಟೆ ಮೊದಲು ಆಘಾತಕ್ಕೆ ಒಳಗಾದ ಇಲಿಗಳಿಗೆ ದಾರಿ ತಪ್ಪಿತು. ನಾಲ್ಕು ಗಂಟೆ ಮೊದಲು ಒಳಗಾದವುಗಳಿಗೆ ತಪ್ಪಲಿಲ್ಲ. ಕಲಿತದ್ದು ಅಳಿಸಿಹೋಗಿರಲಿಲ್ಲ, ಭಯದಿಂದ ಒಸರುವ ಹಾರ್ಮೋನುಗಳು ಅದನ್ನು ಹೊರತರುವ ಬಾಗಿಲನ್ನು ಕೆಲಕಾಲ ಮುಚ್ಚಿದ್ದವು. ಇದನ್ನು ಓದಿದಾಗ ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ನಿಂತು "ಈಗ ನೋಡಿಕೊಳ್ಳುತ್ತೇನೆ ನಿಮ್ಮನ್ನು" ಎಂದು ನಾನು ಗದರಿಸುತ್ತಿದ್ದುದು ನೆನಪಾಗಿ ನಾಚಿಕೆಯಾಯಿತು. ಕಾಗೆಯ ಮಾತನ್ನು ತರಗತಿಯ ಮುಂದೆಯೇ ಹಿಂದಕ್ಕೆ ತೆಗೆದುಕೊಂಡೆ. ಆಡುವಾಗ ಇದ್ದ ಸುಲಭ ಹಿಂತೆಗೆಯುವಾಗ ಇರಲಿಲ್ಲ.

ಆಮೇಲೆ ಮಾಡಿದ ಬದಲಾವಣೆಗಳು ಸಣ್ಣವು. ಪಾಠ ಶುರುಮಾಡುವ ಮೊದಲು ಐದು ಪ್ರಶ್ನೆ: ಎರಡು ನಿನ್ನೆಯ ಪಾಠದಿಂದ, ಎರಡು ಕಳೆದ ವಾರದ್ದರಿಂದ, ಒಂದು ಕಳೆದ ತಿಂಗಳಿನದರಿಂದ. ಪುಸ್ತಕ ಮುಚ್ಚಿ ಬರೆಯಬೇಕು, ಅಂಕವಿಲ್ಲ, ಬೈಗುಳವಿಲ್ಲ, ಬರೆದಾದ ಮೇಲೆ ತಾವೇ ತಿದ್ದಿಕೊಳ್ಳಬೇಕು. ಸಂಧಿಗಳ ಅಭ್ಯಾಸವನ್ನೂ ಬದಲಿಸಿದೆ. ಮೊದಲು ಲೋಪಸಂಧಿಯ ಹತ್ತು ಉದಾಹರಣೆ, ಆಮೇಲೆ ಆಗಮದ ಹತ್ತು, ಆಮೇಲೆ ಆದೇಶದ ಹತ್ತು ಕೊಡುತ್ತಿದ್ದೆ; ಎಲ್ಲರೂ ಸರಿಯಾಗಿಯೇ ಬಿಡಿಸುತ್ತಿದ್ದರು. ಬಿಡಿಸದೆ ಏನು? ತಲೆಬರಹವೇ ಉತ್ತರವನ್ನು ಹೇಳುತ್ತಿತ್ತು! ಗಣಿತದಲ್ಲಿ ಇದನ್ನು ರೋರರ್ ಮತ್ತು ಟೇಲರ್ ೨೦೦೭ರಲ್ಲಿ ಪರೀಕ್ಷಿಸಿದ್ದರು. ಒಂದೊಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದಲ್ಲಿ ಶೇಕಡ ೮೯ ಸರಿಮಾಡಿದರು. ಕಲಸಿ ಮಾಡಿದವರು ೬೦. ವಾರ ಕಳೆದ ಮೇಲಿನ ಪರೀಕ್ಷೆಯಲ್ಲಿ ಮೊದಲಿನವರಿಗೆ ೨೦, ಎರಡನೆಯವರಿಗೆ ೬೩. ಆದ್ದರಿಂದ ನಾನೂ 'ಊರನ್ನು', 'ಮಳೆಗಾಲ', 'ಸುರೇಂದ್ರ', 'ಮನೆಯನ್ನು', 'ವಿದ್ಯಾಲಯ' ಎಂದು ಎಲ್ಲವನ್ನೂ ಕಲಸಿಕೊಟ್ಟೆ. ತಪ್ಪುಗಳ ಸುರಿಮಳೆಯಾಯಿತು. "ಸಾರ್, ಮೊದಲೇ ಚೆನ್ನಾಗಿತ್ತು" ಎಂದು ಬುದ್ಧಿವಂತ ವಿದ್ಯಾರ್ಥಿಗಳೇ ಗೊಣಗಿದರು. ಪಾಠದ ಭಾಗ ಮುಗಿಯುವುದು ಎರಡು ವಾರ ತಡವಾಯಿತು. ಪ್ರಾಂಶುಪಾಲರಿಗೆ ಉತ್ತರ ಹೇಳಬೇಕಾಯಿತು. ಎಲ್ಲರಿಗೂ ಇದರಿಂದ ಲಾಭವಾಯಿತೆಂದು ನಾನು ಹೇಳಲಾರೆ. ತರಗತಿಗೇ ಬಾರದವರಿಗೆ, ಮನೆಯಲ್ಲಿ ಕೂರಲು ಜಾಗವಿಲ್ಲದವರಿಗೆ ಯಾವ ಮಿದುಳಿನ ಶಾಸ್ತ್ರ ಏನು ಮಾಡೀತು?

ಹುಡುಗನಿಗೆ ಮೂರು ಬಣ್ಣದ ಪೆನ್ನುಗಳನ್ನು ತಂಗಿಗೆ ಕೊಟ್ಟುಬಿಡಲು ಹೇಳಿದೆ. ನೋಟ್‌ಪುಸ್ತಕದ ಬಲಪುಟದಲ್ಲಿ ಪ್ರಶ್ನೆ ಮಾತ್ರ ಬರೆದುಕೊಂಡು, ಉತ್ತರವನ್ನು ತಾಯಿಗೆ ಬಾಯಲ್ಲಿ ಹೇಳುವುದು; ಹನ್ನೊಂದಕ್ಕೆ ಮಲಗುವುದು. "ನನಗೆ ಅದೆಲ್ಲ ತಿಳಿಯುವುದಿಲ್ಲವಲ್ಲ ಸಾರ್, ಸರಿಯೋ ತಪ್ಪೋ ಹೇಗೆ ಹೇಳಲಿ?" ಎಂದು ಆ ತಾಯಿ ಹಿಂಜರಿದರು. "ನೀವು ಏನೂ ಹೇಳಬೇಡಿರಮ್ಮ, ಹೊಲಿಯುತ್ತ ಕೇಳುತ್ತಿರಿ ಸಾಕು. ತಪ್ಪನ್ನು ಅವನೇ ಪುಸ್ತಕ ತೆರೆದು ನೋಡಿಕೊಳ್ಳಲಿ" ಎಂದೆ. ವಾರ್ಷಿಕ ಪರೀಕ್ಷೆಯಲ್ಲಿ ಕನ್ನಡಕ್ಕೆ ಅವನಿಗೆ ೫೭ ಬಂದಿತು. ಅದು ಹೊಸ ಪದ್ಧತಿಯ ಫಲವೋ, ತಾಯಿ ದಿನವೂ ಕಿವಿಗೊಟ್ಟುದರ ಫಲವೋ, ನಾನು ಬೈಯುವುದನ್ನು ಬಿಟ್ಟುದರ ಫಲವೋ ಬಿಡಿಸಿ ಹೇಳಲು ನನಗೆ ಶಕ್ಯವಿಲ್ಲ. ಒಬ್ಬ ಹುಡುಗನ ಕಥೆ ಪ್ರಯೋಗವಾಗುವುದಿಲ್ಲ.

ಈಗ ಅವನ ತಂಗಿ ನನ್ನ ತರಗತಿಯಲ್ಲಿದ್ದಾಳೆ. ಮೊನ್ನೆ ಸೋಮವಾರದ ಐದು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಸರಿಯಾಗಿ ಬರೆದಿದ್ದಳು. ಐದನೆಯದು ಕಳೆದ ತಿಂಗಳ ಪಾಠದ್ದು. ಜಾಗ ಖಾಲಿ ಬಿಟ್ಟು ಕೆಳಗೆ ಚಿಕ್ಕದಾಗಿ, "ಅಮ್ಮನಿಗೆ ನೆನಪಿರಬಹುದು ಸಾರ್, ಕೇಳಿಕೊಂಡು ಬರುತ್ತೇನೆ" ಎಂದು ಬರೆದಿದ್ದಳು.